ಎಡಗಡೆಯ ಮೀಟರು

"ಇನ್ನ ಮೂವತ್ತ ದಿನ ತಡಿ! ಈ ಓಣ್ಯಾಗ ನಂಬರ್ ಒನ್ ಮನಿ ಯಾವುದು ಅಂದ್ರ, ತೊಟ್ಟಿಲದಾಗಿನ ಕೂಸು ಸೈತ ನಮ್ಮನಿ ಕಡೆ ಕೈ ಮಾಡಬೇಕು!"

ಅಕ್ಕಿಆಲೂರಿನ ಬಸ್ ನಿಲ್ದಾಣದ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ ಚನ್ನೇಶ ಈ ಭೀಷಣ ಪ್ರತಿಜ್ಞೆ ಮಾಡಿದ್ದು ಊಟದ ತಾಟಿನ ಮುಂದೆ, ಬಲಗೈಯಲ್ಲಿ ರೊಟ್ಟಿ, ಎಡಗೈಯಲ್ಲಿ ಮೊಬೈಲು ಹಿಡಿದುಕೊಂಡು. ಅದನ್ನು ಕೇಳಿಸಿಕೊಂಡವಳು ಅವನ ಹೆಂಡತಿ ಸುಧಾರಾಣಿ ಒಬ್ಬಳೇ.

ಸಂಗತಿ ಇಷ್ಟೇ. ಹಾನಗಲ್ಲಿನ ಸಂಸ್ಥೆಯೊಂದು 'ದೀಪಮಿತ್ರ' ಎಂಬ ಆ್ಯಪ್ ತಂದಿತ್ತು. ಓಣಿಯ ನಲವತ್ತು ಮನೆಗಳ ನಡುವೆ ಒಂದು ತಿಂಗಳ ಪಂದ್ಯ. ದಿನಾ ಬೆಳಿಗ್ಗೆ ಅವರವರ ಮೀಟರಿನ ಫೋಟೊ ತೆಗೆದು ಆ್ಯಪಿಗೆ ಏರಿಸಬೇಕು. ಹೋದ ತಿಂಗಳಿಗಿಂತ ಯಾರು ಹೆಚ್ಚು ಕರೆಂಟ್ ಉಳಿಸುತ್ತಾರೋ ಅವರಿಗೆ ಓಣಿಯ ಎದುರಿಗೆ ಸನ್ಮಾನ!

"ನಮ್ಮ ಬಿಲ್ಲು ಹೆಂಗೂ ಸೊನ್ನಿ ಬರ್ತೈತಿ. ಉಳಿಸಿ ಯಾರಿಗೆ ಕೊಡೂದೈತ್ರಿ?" ಎಂದಳು ಸುಧಾರಾಣಿ.

"ದೇಶಕ್ಕ!"

"ದೇಶ ನಿಮಗೇನ್ ಕೊಡ್ತೈತಿ?"

"ಶಾಲು, ಹಾರ, ಸ್ಟೇಜಿನ ಮ್ಯಾಲೆ ಮೈಕು!" ಮೈಕು ಎನ್ನುವಾಗ ಚನ್ನೇಶನ ದನಿ ಭಾವುಕತೆಯಿಂದ ನಡುಗಿತು.

ನಡುಗೋಡೆಯ ಆಚೆ ಅಣ್ಣ ಬಸವೇಶನ ಮನೆ. ಎರಡು ವರ್ಷದ ಹಿಂದೆ ಅಣ್ಣ-ತಮ್ಮ ಇದ್ದೊಂದು ಮನೆಗೆ ಗೋಡೆ ಹಾಕಿ ಎರಡು ಮಾಡಿಕೊಂಡಿದ್ದರು. ಜಗಳವೇನೂ ಇರಲಿಲ್ಲ. ಮುಂದಿನ ಗೋಡೆಯ ಮೇಲೆ ಎರಡು ಮೀಟರುಗಳು ಜೋಡಿ ಎತ್ತಿನಂತೆ ಕೂತಿದ್ದವು. ಎಡಗಡೆಯದು ಚನ್ನೇಶನ ಹೆಸರಿನದು, ಬಲಗಡೆಯದು ಬಸವೇಶನ ಹೆಸರಿನದು. ಅಣ್ಣನ ಹೆಂಡತಿ, ವೈನಿ ಅನ್ನವ್ವನನ್ನು ಪಂದ್ಯಕ್ಕೆ ಎಳೆದು ತಂದವನೂ ಚನ್ನೇಶನೇ. ಸೋಲುವವರು ಪಕ್ಕದಲ್ಲೇ ಇದ್ದರೆ ಗೆಲುವಿಗೆ ರುಚಿ ಹೆಚ್ಚಲ್ಲವೇ!

"ನನಗಿದೆಲ್ಲಾ ತಿಳಿಯಂಗಿಲ್ಲೋ ತಮ್ಮಾ" ಎಂದು ಅನ್ನವ್ವ ಕೊಸರಾಡಿದಳು.

"ದಿನಾ ಒಂದು ಫೋಟೊ ಹೊಡೀರಿ ವೈನಿ, ಸಾಕು. ನಲವತ್ತನೇ ನಂಬರ್ ಬಂದ್ರೂ ಬೇಜಾರ ಮಾಡ್ಕೋಬ್ಯಾಡ್ರಿ" ಎಂದು ಅವನು ಮುಂಗಡವಾಗಿಯೇ ಸಮಾಧಾನ ಹೇಳಿದ.

ಮೊದಲ ವಾರ ಫ್ರಿಜ್ ಬಂದ್ ಆಯಿತು. ಇಸ್ತ್ರಿ ಪೆಟ್ಟಿಗೆ ಅಟ್ಟ ಹತ್ತಿತು. ಹಾಸಿಗೆಯ ಕೆಳಗೆ ಅಂಗಿ ಒತ್ತಿಟ್ಟರೆ ಸಾಕೆಂದು ಚನ್ನೇಶ ಅಪ್ಪಣೆ ಕೊಡಿಸಿದ. ವಾರದ ಕೊನೆಗೆ ಎದೆಯುಬ್ಬಿಸಿ ಆ್ಯಪ್ ತೆರೆದ. ತನ್ನ ಮನೆ ಇಪ್ಪತ್ತೊಂಬತ್ತನೆಯ ಸ್ಥಾನದಲ್ಲಿತ್ತು!

ಹೌಹಾರಿದ. ಮೊಬೈಲನ್ನು ಒರೆಸಿ ಮತ್ತೆ ನೋಡಿದ. ಇಪ್ಪತ್ತೊಂಬತ್ತೇ. ಹೋದ ತಿಂಗಳ ವಾರದ ಲೆಕ್ಕಕ್ಕಿಂತ ಯುನಿಟ್ಟು ಹೆಚ್ಚಾಗಿತ್ತು!

"ಏ ಸುಧಾ! ಏನೇನ್ ಹಚ್ಚೀದಿ ಮನ್ಯಾಗ?"

"ಉದಿನಕಡ್ಡಿ ಹಚ್ಚೇನ್ರಿ."

ಎರಡನೆಯ ವಾರ ಮಿಕ್ಸಿ, ಟಿವಿ ಎರಡೂ ಕಪಾಟಿನೊಳಗೆ ಸೆರೆಯಾದವು. ಕೀಲಿ ಚನ್ನೇಶನ ಜನಿವಾರವಿಲ್ಲದ ಕೊರಳಲ್ಲಿ, ಲಿಂಗದ ಕಾಯಿಯ ಪಕ್ಕದಲ್ಲಿ ತೂಗಿತು. ಹಿತ್ತಲಿನ ರುಬ್ಬುಗುಂಡನ್ನು ತೊಳೆಸಿದ. ಆಶ್ಚರ್ಯವೆಂದರೆ ಸುಧಾರಾಣಿ ಒಂದು ಮಾತೂ ಎದುರಾಡಲಿಲ್ಲ. ಚಟ್ನಿ ಬೆಣ್ಣೆಯಂತೆ ನುಣ್ಣಗೆ ಬರುತ್ತಿತ್ತು. ಹಾಲು ಕೆಡುತ್ತಿರಲಿಲ್ಲ. ಅಂಗಿಯ ಗೆರೆ ಚಾಕುವಿನಂತೆ ನಿಲ್ಲುತ್ತಿತ್ತು. 'ಹಿಂದಿನ ಕಾಲದ ಪದ್ಧತಿಯೇ ಪದ್ಧತಿ!' ಎಂದು ಚನ್ನೇಶ ಅಂಗಡಿಗೆ ಬಂದವರಿಗೆಲ್ಲ ಜೆರಾಕ್ಸಿನ ಜೊತೆ ಉಪದೇಶವನ್ನೂ ಕೊಟ್ಟ.

ಆ್ಯಪ್ ತೆರೆದರೆ ಮೂವತ್ತಾರನೆಯ ಸ್ಥಾನ! ಜೊತೆಗೆ ಅಳುವ ಬಲ್ಬಿನ ಚಿತ್ರ, ಕೆಳಗೆ ಒಂದು ಸಾಲು: 'ಚನ್ನೇಶ ಅವರೇ, ನಿಮ್ಮ ಮನೆ ಕೆಂಪು ಪಟ್ಟಿಯಲ್ಲಿದೆ.' ಬಟನ್ ಮುಟ್ಟಿಲ್ಲ, ವಾಯರ್ ಹಿಡಿದಿಲ್ಲ, ಆದರೂ ಅವನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಶಾಕ್ ಹೊಡೆಯಿತು.

ಅದಕ್ಕಿಂತ ದೊಡ್ಡ ಶಾಕ್ ಪಟ್ಟಿಯ ಮೇಲ್ತುದಿಯಲ್ಲಿತ್ತು. ಮೊದಲ ಸ್ಥಾನ: ಅನ್ನವ್ವ!

ಮೂರನೆಯ ವಾರ ಚನ್ನೇಶ ಮನೆಯ ಬಲ್ಬುಗಳನ್ನೆಲ್ಲ ಬಿಚ್ಚಿದ. ಅಡುಗೆಮನೆಯಲ್ಲಿ ಮಾತ್ರ ಒಂದು ಉಳಿಯಿತು. ಫ್ಯಾನಿನ ರೆಕ್ಕೆಗಳನ್ನೇ ತೆಗೆದು ಮಂಚದ ಕೆಳಗಿಟ್ಟ. ಸಂಜೆಯಾದರೆ ಸುಧಾರಾಣಿ, "ಅಕ್ಕನ ಜೋಡಿ ಎರಡ ಮಾತಾಡಿ ಬರ್ತೇನ್ರಿ" ಎಂದು ಗೋಡೆಯಾಚೆ ಹೋಗುವಳು. ಚನ್ನೇಶ ಕತ್ತಲಲ್ಲಿ ತ್ಯಾಗಮೂರ್ತಿಯಂತೆ ಕೂತು ಸೊಳ್ಳೆ ಹೊಡೆಯುವನು. ಹೋಗುವಾಗ ಅವಳೊಮ್ಮೆ, "ನಿಮ್ಮ ಜೋಡಿ ಸಂಸಾರ ಮಾಡಾಕ ಖರೇನ ಮೀಟರ್ ಬೇಕ್ರಿ" ಎಂದಳು. ಅವನು ಅದನ್ನು ಹೊಗಳಿಕೆ ಎಂದುಕೊಂಡ.

ಕೊನೆಯ ವಾರ ಅವನ ಸ್ಥಾನ ನಲವತ್ತಕ್ಕೆ ಇಳಿಯಿತು. ಅದಕ್ಕಿಂತ ಕೆಳಗೆ ಇಳಿಯಲು ಓಣಿಯಲ್ಲಿ ಮನೆಗಳಿರಲಿಲ್ಲ!

ಮೂವತ್ತನೆಯ ದಿನ, ಭಾನುವಾರ ಬೆಳಿಗ್ಗೆ ಸಂಸ್ಥೆಯ ತಹಮೀನಾ ತಪಾಸಣೆಗೆ ಬಂದಳು. ಗೆದ್ದವರ ಮೀಟರನ್ನು ಕಣ್ಣಾರೆ ನೋಡಿಯೇ ಸಂಜೆ ಸನ್ಮಾನ ಮಾಡುವುದು ನಿಯಮ. ಓಣಿಯ ಮಂದಿಯೆಲ್ಲ ಎರಡು ಮೀಟರುಗಳ ಮುಂದೆ ನೆರೆದರು.

"ಅನ್ನವ್ವಾರ, ಇಷ್ಟು ಹೆಂಗ ಉಳಿಸಿದ್ರಿ? ನಾಲ್ಕ ಮಂದಿಗೆ ಗೊತ್ತಾಗ್ಲಿ, ಹೇಳ್ರಿ" ಎಂದಳು ತಹಮೀನಾ.

ಅನ್ನವ್ವ ಸೆರಗು ಸರಿಮಾಡಿಕೊಂಡಳು. "ಸುಳ್ಳ್ಯಾಕ ಹೇಳ್ಲಿ ತಂಗಿ, ನಾ ಏನೂ ಉಳಿಸಿಲ್ಲ. ಫ್ಯಾನ್ ಹಾಕೇನಿ, ಧಾರಾವಾಹಿ ನೋಡೇನಿ. ಈಗೂ ಒಳಗ ಗ್ರೈಂಡರ್ ತಿರಗಾಕತ್ತೈತಿ, ಕೇಳ್ರಿ."

ಎಲ್ಲರೂ ಕಿವಿಗೊಟ್ಟರು. ಒಳಗಿನಿಂದ ಗರಗರ ಸದ್ದು ಸ್ಪಷ್ಟವಾಗಿ ಬರುತ್ತಿತ್ತು. ಎಲ್ಲರೂ ಬಲಗಡೆಯ ಮೀಟರು ನೋಡಿದರು. ಅದರ ಕೆಂಪು ದೀಪ ಮಿಣುಕುವುದೋ ಬೇಡವೋ ಎಂದು ಯೋಚಿಸುತ್ತಿದ್ದಂತಿತ್ತು!

ಚನ್ನೇಶನ ತಲೆಯಲ್ಲಿ ಮಿಂಚು ಹೊಡೆಯಿತು. ಒಂದು ತಿಂಗಳ ಕತ್ತಲು, ಸೊಳ್ಳೆ, ಅವಮಾನ ಎಲ್ಲ ಒಟ್ಟಿಗೆ ಬಾಯಿಗೆ ಬಂದವು.

"ಕಳುವು! ಹಾಡಹಗಲ ಕರೆಂಟ್ ಕಳುವು! ಎಲ್ಲೋ ಕಂಬಕ್ಕ ಕೊಂಡಿ ಹಾಕ್ಯಾರ!"

ಅನ್ನವ್ವನ ಮುಖ ಬಿಳಿಚಿತು. ತಾನು ಮದುವೆಯಾಗಿ ಬಂದಾಗ ಲಂಗೋಟಿ ಹಾಕಿಕೊಂಡು ಓಡಾಡುತ್ತಿದ್ದ ಮೈದುನ ಇಂದು ಓಣಿಯ ಎದುರು ತನ್ನನ್ನು ಕಳ್ಳಿ ಎನ್ನುತ್ತಿದ್ದಾನೆ! ಬಾಗಿಲಲ್ಲಿ ನಿಂತಿದ್ದ ಬಸವೇಶ ಹೆಗಲ ಮೇಲಿನ ಟವೆಲ್ ಕೈಗೆ ತೆಗೆದುಕೊಂಡು, "ಚನ್ಯಾ, ನಾಲಿಗಿ ಬಿಗಿ ಹಿಡಿ" ಎಂದ. ಅಣ್ಣ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ಚನ್ನೇಶ ಯಾವತ್ತೂ ಕೇಳಿರಲಿಲ್ಲ. ಆದರೆ ಮಂದಿ ನೋಡುತ್ತಿದ್ದರಲ್ಲ, ಹಿಂದೆ ಸರಿಯುವುದು ಹೇಗೆ?

"ಜಗಳ ಬ್ಯಾಡ್ರಿ. ಅವರ ಮೀಟರಿನ ಮೇನ್ ಸ್ವಿಚ್ ತೆಗದ್ರ ಗೊತ್ತಾಗ್ತೈತಿ" ಎಂದಳು ತಹಮೀನಾ.

ಚನ್ನೇಶ ತಾನೇ ಮುನ್ನುಗ್ಗಿ ಬಲಗಡೆಯ ಸ್ವಿಚ್ಚನ್ನು ಕೆಳಗೆಳೆದ. ಗ್ರೈಂಡರ್ ನಿಲ್ಲಲೇ ಇಲ್ಲ!

"ನೋಡಿದ್ರ್ಯಾ! ನಾ ಹೇಳಲಿಲ್ಲಾ?" ಎಂದು ಅವನು ಕುಣಿದ.

ಎದುರುಮನೆಯ ಮುದುಕಿ ಅಖ್ತರುನ್ನೀಸಾ ಕಣ್ಣು ಕಿರಿದು ಮಾಡಿ ಚನ್ನೇಶನ ಅಡುಗೆಮನೆಯ ಕಿಟಕಿಯತ್ತ ಬೆರಳು ತೋರಿಸಿದಳು. "ಅದಿರ್ಲಿ ಚನ್ನೇಶಪ್ಪಾ, ನಿಮ್ಮನಿ ಬಲ್ಬ್ ಯಾಕ ಹೋತು?"

ತಹಮೀನಾ ಒಂದು ಕ್ಷಣ ಆ ಕಿಟಕಿಯನ್ನೂ ಚನ್ನೇಶನನ್ನೂ ನೋಡಿದಳು. "ಈಗ ನಿಮ್ಮ ಮೀಟರಿನ ಸ್ವಿಚ್ ತೆಗೀರಿ."

ಚನ್ನೇಶ ಎಡಗಡೆಯ ಸ್ವಿಚ್ಚು ಎಳೆದ. ಅನ್ನವ್ವನ ಮನೆಯ ಗ್ರೈಂಡರ್ ಗಕ್ಕನೆ ನಿಂತಿತು! ಫ್ಯಾನು ನಿಂತಿತು. ಟಿವಿಯಲ್ಲಿ ಬರುತ್ತಿದ್ದ ಭಕ್ತಿಗೀತೆಯೂ ನಡುವೆಯೇ ಬಾಯಿ ಮುಚ್ಚಿತು. ಅದರ ಹಿಂದೆಯೇ ಒಳಗಿನಿಂದ ಮೊಳಕೈವರೆಗೆ ಇಡ್ಲಿ ಹಿಟ್ಟು ಮೆತ್ತಿಕೊಂಡ ಹೆಂಗಸೊಬ್ಬಳು ಬುಸುಗುಟ್ಟುತ್ತ ಹೊರಬಂದಳು.

"ಯಾರದು ಕರೆಂಟ್ ತೆಗದಾಂವ? ಹಿಟ್ಟು ಅರ್ಧಕ್ಕ ನಿಂತೈತಿ!"

ಸುಧಾರಾಣಿ!

ಚನ್ನೇಶನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. "ನೀ... ಇಲ್ಲಿ?"

"ಮತ್ತೆಲ್ಲೆ? ನೀವು ಮಿಕ್ಸಿ ಒಳಗಿಟ್ಟ ಮ್ಯಾಲೆ ದಿನಾ ಇಲ್ಲೇ ರುಬ್ಬೂದು. ಇಸ್ತ್ರಿ ಇಲ್ಲೇ, ಹಾಲು ಅಕ್ಕನ ಫ್ರಿಜ್ಜಿನಾಗ, ಧಾರಾವಾಹಿ ಅಕ್ಕನ ಜೋಡಿ. ನಿಮ್ಮ ರುಬ್ಬುಗುಂಡು ಎತ್ತೋರ ಯಾರು?"

ಎಲ್ಲ ಬಿಡಿಸಿ ಹೇಳಿದವಳು ತಹಮೀನಾ. ಮನೆ ಎರಡಾದಾಗ ವಾಯರಿಂಗ್ ಮಾಡಿದವನು ತಂತಿಗಳನ್ನು ಅದಲುಬದಲು ಜೋಡಿಸಿದ್ದ. ಎಡಗಡೆಯ ಮೀಟರು ಚನ್ನೇಶನ ಹೆಸರಿಗಿದ್ದರೂ ಅಣ್ಣನ ಮನೆಯ ಕರೆಂಟ್ ಎಣಿಸುತ್ತಿತ್ತು. ಬಲಗಡೆಯದು ಚನ್ನೇಶನ ಮನೆಯದನ್ನು. ಬಿಲ್ಲು ಸೊನ್ನೆ ಬರುತ್ತಿದ್ದುದರಿಂದ ಯುನಿಟ್ಟು ನೋಡುವ ಗೋಜಿಗೆ ಯಾರೂ ಹೋಗಿರಲಿಲ್ಲ. ಚನ್ನೇಶ ಮನೆಯಲ್ಲಿ ಹಿಡಿತ ಬಿಗಿ ಮಾಡಿದಷ್ಟೂ ಸುಧಾರಾಣಿ ಗೋಡೆಯಾಚೆ ಹೋಗಿ ಸ್ವಿಚ್ ಒತ್ತಿದಳು. ಒತ್ತಿದಷ್ಟೂ ಚನ್ನೇಶನ ಹೆಸರಿನ ಮೀಟರು ಓಡಿತು!

"ಅಂದ್ರ ಖರೇ ಉಳಿಸಿದಾಂವ ನಾನ! ಮೊದಲನೇ ನಂಬರ್ ನಂದ!" ಚನ್ನೇಶನಿಗೆ ಥಟ್ಟನೆ ಜೀವ ಬಂತು.

"ನೀವು ಉಳಿಸಿಲ್ರಿ, ಆಚೆ ಮನಿಗೆ ದಾಟಿಸೀರಿ" ಎಂದಳು ತಹಮೀನಾ, ಮೊಬೈಲಿನಲ್ಲಿ ಲೆಕ್ಕ ಕೂಡಿಸುತ್ತ. ಅಷ್ಟರಲ್ಲಿ ಅವಳೇ ಬೆಚ್ಚಿದಳು. "ಅಲ್ರೀ, ಹೋದ ತಿಂಗಳು ಎರಡೂ ಮನಿ ಕೂಡಿ ನೂರಾ ಹತ್ತೊಂಬತ್ತು ಯುನಿಟ್. ಈ ತಿಂಗಳು ತೊಂಬತ್ತೊಂದ! ಈ ಇಬ್ಬರು ಹೆಣ್ಮಕ್ಕಳು ಕೂಡಿ ಒಂದ ಫ್ರಿಜ್, ಒಂದ ಟಿವಿ, ಒಂದ ಗ್ರೈಂಡರಿನಾಗ ಸಂಸಾರ ಮಾಡ್ಯಾರ. ಓಣ್ಯಾಗ ಇಷ್ಟು ಖರೇ ಉಳಿತಾಯ ಮತ್ಯಾರದೂ ಇಲ್ಲ!"

ಸಂಜೆ ಶಾಲು, ಹಾರ, ಮೈಕು ಮೂರೂ ಅನ್ನವ್ವ-ಸುಧಾರಾಣಿಯರ ಪಾಲಾದವು. ಚನ್ನೇಶ ಕೊನೆಯ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ. ಕಾರ್ಯಕ್ರಮ ಮುಗಿದ ಮೇಲೆ ಹೆಂಡತಿ ನೆಟ್ಟಗೆ ಅಣ್ಣನ ಮನೆ ಹೊಕ್ಕಳು. "ಇವತ್ತ ಊಟ ಇಲ್ಲೇ. ಬರಬೇಕಂದ್ರ ಬರ್ರಿ."

ಅವನು ಹೊಸ್ತಿಲಲ್ಲೇ ನಿಂತ. ಒಳಗೆ ಬಸವೇಶ ತಾಟಿನಿಂದ ತಲೆಯೆತ್ತಲಿಲ್ಲ.

"ವೈನಿ... ತಪ್ಪಾತ್ರಿ. ಅನಬಾರದ್ದು ಅಂದೆ."

ಅನ್ನವ್ವ ಕೈಯಲ್ಲಿದ್ದ ರೊಟ್ಟಿಯ ಬುಟ್ಟಿ ಕೆಳಗಿಟ್ಟಳು. "ಕಳ್ಳರ ಮನ್ಯಾಗ ಉಣ್ತಿಯೇನಪಾ?"

ಚನ್ನೇಶ ತಲೆ ತಗ್ಗಿಸಿದ. ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಅನ್ನವ್ವ ಅದನ್ನು ನೋಡಿ ಮೆಲ್ಲಗೆ ನಕ್ಕಳು. ಗೋಡೆಯ ಹತ್ತಿರ ಹೋಗಿ ಫ್ಯಾನನ್ನು ಐದಕ್ಕೆ ತಿರುಗಿಸಿದಳು.

"ಕುಂದ್ರು ಬಾ ತಮ್ಮಾ, ಸಂಕೋಚ ಮಾಡ್ಕೋಬ್ಯಾಡ. ವಾಯರ್ ಬದಲಿ ಮಾಡೂ ತನಕ ಇದು ನಿನ್ನ ಮೀಟರ!"