ರೋಮ್‌ನ ಸರಕಿಗೆ ಭಾವನ ತಪಾಸಣೆ

ನನ್ನ ಅಕ್ಕನ ಗಂಡನಷ್ಟು ಅನುಮಾನದ ಮನುಷ್ಯ ಇಡೀ ಬಹರೈನ್‌ನಲ್ಲಿ ಇನ್ನೊಬ್ಬರಿಲ್ಲ! ಅವರ ಅನುಮಾನ ಮನುಷ್ಯರ ಮೇಲಲ್ಲ, ಪೆಟ್ಟಿಗೆಗಳ ಮೇಲೆ. ಹಿದ್‌ನ ಬಂದರಿನ ಗೋದಾಮಿನಲ್ಲಿ ಇಪ್ಪತ್ತಾರು ವರ್ಷ ದುಡಿದವರು ಅವರು. ಮೊದಲು ಹಗ್ಗ ಎಳೆದು ಸಾಮಾನು ಇಳಿಸಿ ಹೊರುತ್ತಿದ್ದರು, ಆಮೇಲೆ ಬಂದ ಸಾಮಾನಿನಲ್ಲಿ ಒಡೆದದ್ದು, ಬಿರುಕು ಬಿಟ್ಟದ್ದು ಹುಡುಕಿ ಬರೆಯುವ ಕೆಲಸ. ಆ ಚಾಳಿ ರಜೆಯ ಶುಕ್ರವಾರಗಳಂದು ನಮ್ಮ ಫ್ಲಾಟಿಗೂ ಬರುತ್ತಿತ್ತು. ಹುಟ್ಟುಹಬ್ಬದ ಕೇಕ್ ತಂದರೆ, "ಈ ಮೂಲೆ ಜಜ್ಜಿ ಹೋಗಿದೆ, ವಾಪಸ್ ಕೊಡು" ಎನ್ನುವರು. ನನ್ನ ಮಗಳನ್ನು ಆಸ್ಪತ್ರೆಯಿಂದ ಮನೆಗೆ ತಂದ ದಿನ, ಮಗುವನ್ನು ಮೆಲ್ಲಗೆ ತಿರುಗಿಸಿ ಬೆನ್ನನ್ನೂ ನೋಡಿ, "ಓಕೆ, ಎಂತ ಡ್ಯಾಮೇಜೂ ಇಲ್ಲ" ಎಂದರು. ನನ್ನ ಹೆಂಡತಿ ಎರಡು ಶುಕ್ರವಾರ ಅವರ ಹತ್ತಿರ ಮಾತಾಡಲಿಲ್ಲ!

ಕೆಲಸ ಮುಗಿದು, ಅವರ ವೀಸಾ ರದ್ದಾಗಿ, ಅಕ್ಕನಿರುವ ಊರಿಗೆ ಹೊರಡುವ ವಾರ ಬಂತು. ನೋಡಿದರೆ, ಇಷ್ಟು ವರ್ಷದಲ್ಲಿ ಗೋದಾಮು, ರೂಮು, ನಮ್ಮ ಮನೆ ಬಿಟ್ಟು ಅವರು ಬಹರೈನಿನ ಏನನ್ನೂ ಕಂಡಿರಲಿಲ್ಲ. ಇಲ್ಲಿನ ಹಳೇ ಕೋಟೆಯ ಪಕ್ಕದ ಮ್ಯೂಸಿಯಮ್ಮಿಗೆ ಒತ್ತಾಯದಿಂದ ಕರೆದೊಯ್ದೆ. ಕೋಟೆಯ ಕೆಳಗೆ ಹೂತಿದ್ದ ಹಳೇ ಪಟ್ಟಣದ ಸಾಮಾನೆಲ್ಲ ಅಲ್ಲಿದೆ.

ಒಳಗೆ ಕಾಲಿಟ್ಟದ್ದೇ ತಡ, ಭಾವ ಕನ್ನಡಕ ಏರಿಸಿದರು. ಮೊದಲ ಗಾಜಿನ ಪೆಟ್ಟಿಗೆಯಲ್ಲಿ ಅರ್ಧ ಹೂಜಿ.

"ಉಳಿದರ್ಧ ಎಲ್ಲುಂಟು?" ಎಂದು ಕಾವಲುಗಾರನನ್ನು ಹಿಂದಿಯಲ್ಲಿ ಕೇಳಿದರು.

"ಸಿಕ್ಕಿಲ್ಲ ಭಾಯಿ," ಎಂದ ಅವನು.

"ಪರಿಹಾರಕ್ಕೆ ಕ್ಲೈಮ್ ಹಾಕಿದ್ರಾ?"

ಪಾಪ ಕಾವಲುಗಾರ! ಸಾವಿರಾರು ವರ್ಷದ ಹಿಂದಿನ ಹೂಜಿಗೆ ಯಾರ ಮೇಲೆ ಕ್ಲೈಮು!

ಮುಂದೆ ರೋಮನ್ನರ ಕಾಲದ ಗಾಜಿನ ಸೀಸೆಯೊಂದಿತ್ತು. ಹೆಬ್ಬೆರಳುದ್ದ, ಒಂದು ಗೀರೂ ಇಲ್ಲ. ಅದು ರೋಮನ್ನರ ನಾಡಿನಿಂದ ವ್ಯಾಪಾರಕ್ಕೆ ಬಂದದ್ದೆಂದು ಓದಿ ಹೇಳಿದೆ. ಭಾವ ನಾಲ್ಕೂ ಕಡೆಯಿಂದ ಬಗ್ಗಿ ನೋಡಿ ನೆಟ್ಟಗಾದರು.

"ಒಂಟೆ ಮೇಲೆ, ದೋಣಿಯಲ್ಲಿ, ಅಷ್ಟು ದೂರದಿಂದ! ಥರ್ಮಾಕೋಲ್ ಇಲ್ಲ, ಎಂತದೂ ಇಲ್ಲ! ಇಲ್ಲೇ ದುಬೈಯಿಂದ ಬರುವ ಟಿವಿ ನಮ್ಮಲ್ಲಿಗೆ ಎರಡು ತುಂಡಾಗಿ ಬರ್ತದೆ ಮಾರಾಯ! ಇದನ್ನು ಕಟ್ಟಿದವನನ್ನು ನನ್ನ ಮ್ಯಾನೇಜರಿಗೆ ತೋರಿಸಬೇಕಿತ್ತು!"

ಎದುರಿದ್ದ ಬಿಳಿಯ ದಂಪತಿಗೆ ಭಾವನೇ ಗೈಡ್ ಅಂತ ಅನ್ನಿಸಿರಬೇಕು, ನಮ್ಮ ಹಿಂದೆಯೇ ಬರತೊಡಗಿದರು!

ಕೊನೆಯ ಕೋಣೆಯಲ್ಲಿ ಒಂದು ಮಡಕೆಯ ಚೂರು. ಹಸಿ ಮಣ್ಣಿನಲ್ಲಿ ಕುಂಬಾರ ಒತ್ತಿದ ಹೆಬ್ಬೆರಳಿನ ಗುರುತು, ಗೆರೆಗಳ ಸಮೇತ, ಹಾಗೇ ಉಳಿದಿತ್ತು. ಭಾವ ತಪ್ಪು ಹುಡುಕಲಿಲ್ಲ. ತಮ್ಮ ಹೆಬ್ಬೆರಳನ್ನು ಗಾಜಿನ ಮೇಲೆ, ಸರಿಯಾಗಿ ಆ ಗುರುತಿನ ಎದುರಿಗೆ ಇಟ್ಟರು.

"ಇವ ಯಾರೋ ಎಂತದೋ. ಇಲ್ಲಿ ಇದ್ದ ಅಂತ ಗೊತ್ತಾಗ್ತದಲ್ವಾ?" ಎಂದರು ಮೆಲ್ಲಗೆ. "ನಾನು ಇದ್ದೆ ಅಂತ ಎಲ್ಲಿ ಇರ್ತದೆ?"

"ನನ್ನ ಮಕ್ಕಳಿಗೆ ಸೈಕಲ್ ಕಲಿಸಿದ್ದು ಯಾರು ಭಾವ? ನನ್ನನ್ನು ಈ ದೇಶಕ್ಕೆ ಕರೆಸಿ ಕೆಲಸ ಹುಡುಕಿಕೊಟ್ಟದ್ದು ಯಾರು?" ಎಂದೆ.

"ಅದು ಹೌದು," ಎಂದರು, ಚಿಕ್ಕ ಮಗುವಿನ ಹಾಗೆ.

ಗಾಜಿನ ಮೇಲಿದ್ದ ಅವರ ಕೈಯನ್ನು ನನ್ನ ಕೈಗೆ ತೆಗೆದುಕೊಂಡೆ. ಇಷ್ಟು ವರ್ಷದಲ್ಲಿ ಅದೇ ಮೊದಲು. ಹಗ್ಗ ಎಳೆದೂ ಎಳೆದೂ ಆ ಹೆಬ್ಬೆರಳಿನ ಗೆರೆಗಳೆಲ್ಲ ಸವೆದು ನುಣ್ಣಗಾಗಿದ್ದವು.