ಬೇರೆಯವರ ಸಾರಿನ ಮದ್ದು

ವಕೀಲರ ಮನೆಯಲ್ಲಿ ಜಗಳವಾದರೆ ಯಾರೂ ಕೇಳುವುದಿಲ್ಲ, ಡಾಕ್ಟರಿಗೆ ಶೀತವಾದರೂ ನಡೆಯುತ್ತದೆ. ಅಡುಗೆಯವನ ಹೊಟ್ಟೆ ಮಾತ್ರ ಕೆಡಬಾರದು. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಸೌಟು ಹಿಡಿದವನು ನಾನು. ಕುಂದಾಪುರದಿಂದ ಬೈಂದೂರಿನವರೆಗೆ ನನ್ನ ಸಾರು ಸುರಿಯದ ದಿಬ್ಬಣವಿಲ್ಲ. ಅಂಥ ನಾನು, ಮೊದಲ ಪಂಕ್ತಿಗೆ ಎಲೆ ಹಾಕಿದ ಕೂಡಲೇ ಹೊಟ್ಟೆ ಹಿಡಿದುಕೊಂಡು ಹಿತ್ತಲಿಗೆ ಓಡುವುದನ್ನು ಯಾರಾದರೂ ಕಂಡರೆ ಮುಂದಿನ ಮದುವೆಗೆ ಕರೆಯುತ್ತಾರೆಯೇ?

ಮೊದಲು ಬಾವಿ ನೀರಿನ ಮೇಲೆ ಗುಮಾನಿಪಟ್ಟೆ. ಆಮೇಲೆ ತೆಂಗಿನೆಣ್ಣೆಯ ಮೇಲೆ, ಕೊನೆಗೆ ಹೆಂಡತಿ ಕೊಡುವ ಚಹಾದ ಮೇಲೆ. ಹಾಲು ಯಾವಾಗಿನದ್ದು ಎಂದು ಕೇಳಿದ್ದಕ್ಕೆ ಅವಳು, “ಹ್ವಾಯ್, ಅದೇ ಚಾ ನಾನೂ ಕುಡಿತಿಲ್ಯಾ? ನಂಗೆ ಎಂತದೂ ಆಯ್ಲಿಲ್ಲ ಕಾಣಿ” ಎಂದಳು. ಅಷ್ಟು ಗಟ್ಟಿಯಾಗಿ ಹೇಳಿದ್ದೇ ಅನುಮಾನಕ್ಕೆ ಒಗ್ಗರಣೆಯಾಯಿತು.

ಕುಂದಾಪುರದ ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, “ರೋಗ ಏನೂ ಇಲ್ಲ ಭಟ್ರೆ, ನಿಮ್ಮ ಕರುಳು ಸ್ವಲ್ಪ ಮುಂಗೋಪಿ. ಮನಸ್ಸು ಕುದ್ದರೆ ಅದೂ ಕುದಿಯುತ್ತದೆ. ಖುಷಿ ಕೊಡುವಂಥದ್ದು ಏನಾದರೂ ಮಾಡಿ” ಎಂದರು. ಹೊಟ್ಟೆನೋವೆಂದು ಹೋದರೆ ಮನಸ್ಸಿಗೆ ಮದ್ದು ಹೇಳುವುದೇ? ಅವರ ಓದಿನ ಮೇಲೆಯೇ ಸಂಶಯ ಬಂತು. ಆದರೂ ಒಂದು ಸಂಜೆ ಕಡಲ ಬದಿಯಲ್ಲಿ ಕುಳಿತು ಅಲೆ ನೋಡಿದೆ. ಖುಷಿ ಬರಲಿಲ್ಲ, ಪಂಚೆಗೆ ಮರಳು ಬಂತು.

ಆ ವಾರ ವಂಡ್ಸೆಯಲ್ಲಿ ನೆಂಟರ ಹೊಸ ಮನೆಯ ಒಕ್ಕಲು. ಅಡುಗೆ ಬ್ರಹ್ಮಾವರದ ಭಟ್ಟರದ್ದು. ಸಾರು ಬಾಯಿಗಿಟ್ಟವನೇ ಪಕ್ಕದವರ ಕಿವಿಯಲ್ಲಿ, “ಉಪ್ಪ್ ಒಂಚೂರ್ ಜಾಸ್ತಿ ಆಯ್ತಲ್ದಾ ಮಾರಾಯ್ರೆ?” ಎಂದೆ. ಹಾಗೆಯೇ ಪಲ್ಯಕ್ಕೊಂದು, ಹುಳಿಗೊಂದು ತಪ್ಪು ಹುಡುಕುತ್ತ ಮೂರು ಸಲ ಪಾಯಸ ಹಾಕಿಸಿಕೊಂಡೆ. ಹೊಟ್ಟೆ ತೊಟ್ಟಿಲ ಮಗುವಿನಂತೆ ಮಲಗಿತ್ತು. ಬಸ್ಸಿನಲ್ಲಿ ಹೆಂಡತಿ ನಕ್ಕಳು: “ನಿಮ್ಮ್ ಖುಷಿ ಎಂತದಂದ್ ಈಗ ಗೊತ್ತಾಯ್ತ್. ಬೇರೆಯವ್ರ್ ಸಾರಿಗೆ ಹೆಸ್ರಿಡುಕೆ ಸಿಕ್ರೆ ನಿಮ್ಮ್ ಹೊಟ್ಟಿ ಗಡದ್ದ್!”

ಅಂದಿನಿಂದ ಬಿಡುವಿದ್ದಾಗ ಕರೆದಲ್ಲಿಗೆಲ್ಲ ಹೋಗಿ ಮದ್ದೆಂದೇ ಉಂಡೆ. ಹಿತ್ತಲಿನ ಓಟ ಕಡಿಮೆಯಾಯಿತು. ಡಾಕ್ಟರು ಓದಿದವರೇ ಇರಬೇಕು ಎನಿಸಿತು.

ಮೊನ್ನೆ ಬೈಂದೂರಿನ ಮದುವೆಗೆ ನನ್ನದೇ ಅಡುಗೆ. ಬಾಗಿಲಿನಿಂದ ಇಣುಕಿದರೆ ಮೊದಲ ಪಂಕ್ತಿಯಲ್ಲಿ ಅದೇ ಬ್ರಹ್ಮಾವರದ ಭಟ್ಟರು! ನನ್ನ ಸಾರು ಬಾಯಿಗಿಟ್ಟು, ಪಕ್ಕದವರ ಕಿವಿಯಲ್ಲಿ ಏನೋ ಹೇಳಿ ಮುಗುಳ್ನಕ್ಕರು. ಪಾಯಸ ಎಷ್ಟು ಸಲ ಬಂದರೂ ಬೇಡವೆಂದು ಕೈ ಅಡ್ಡ ಹಿಡಿಯಲಿಲ್ಲ. ಮುಖದಲ್ಲಿ ಎಂಥ ನೆಮ್ಮದಿ! ಇವರಿಗೂ ಅದೇ ಡಾಕ್ಟರೇ ಎಂಬ ಗುಮಾನಿ ಬಂದದ್ದೇ ತಡ, ಸೌಟು ಕೆಳಗಿಟ್ಟು ಹಿತ್ತಲಿಗೆ ನಡೆದೆ. ಓಡಲಿಲ್ಲ, ನೋಡಿದವರಿಗೆ ಬಾಳೆಲೆ ತರಲು ಹೊರಟ ಹಾಗೆ ಕಾಣಬೇಕಲ್ಲ.