ಬೆಳ್ಳಿ ಮಗಳಿಗೆ, ಮಿಕ್ಕಿದ್ದು ಸೊಸೆಗೆ

ನಾದಿನಿ: ಬೆಳ್ಳಿ!

ಅತ್ತಿಗೆ: ಗಿಲೀಟು!

ನಾದಿನಿ: ಅಪ್ಪಟ ಬೆಳ್ಳಿ, ಅತ್ತಿಗೆ!

ಅತ್ತಿಗೆ: ಅಪ್ಪಟ ಗಿಲೀಟು ಕಣೇ!

ಅಕ್ಕಸಾಲಿ ಕಿವಿಗೆ ಬೆರಳಿಟ್ಟುಕೊಂಡ. ನಲವತ್ತು ವರ್ಷದಿಂದ ಇದೇ ಅಂಗಡಿಯಲ್ಲಿ ಕೂತಿದ್ದಾನೆ. ತನ್ನ ಮನೆಯ ಪಾತ್ರೆ ಗಿಲೀಟೆಂದು ಹಟ ಹಿಡಿದ ಹೆಂಗಸನ್ನು ಕಂಡದ್ದು ಇವತ್ತೇ. ಅವನ ಮುಂದೆ ದೊಡ್ಡದೊಂದು ನೀರಿನ ಹೂಜಿ ಗತ್ತಿನಿಂದ ಕೂತಿತ್ತು.

ಅಕ್ಕಸಾಲಿ: ಒಬ್ಬೊಬ್ರಾಗಿ ಮಾತಾಡಿ ತಾಯಿ. ಜಗಳ ಯಾತಕ್ಕೆ?

ನಾದಿನಿ: ನಮ್ಮಮ್ಮ ಕಣ್ಮುಚ್ಚೋ ಮುಂಚೆ ಹೇಳಿದ್ಳು, ‘ಬೆಳ್ಳಿ ಮಗಳಿಗೆ, ಮಿಕ್ಕಿದ್ದು ಸೊಸೆಗೆ’ ಅಂತ. ಹೂಜಿ ಬೆಳ್ಳಿಯಾದ್ರೆ ನಂದು.

ಅತ್ತಿಗೆ: ಗಿಲೀಟಾದ್ರೆ ನಂದು. ಹನ್ನೊಂದು ವರ್ಷ ಅತ್ತೆಗೆ ಇದರಲ್ಲೇ ನೀರು ಬಗ್ಗಿಸಿ ಕೊಟ್ಟಿದ್ದೀನಿ. ಇವಳು ಬಂದಾಗ ಕುಡಿದು ಹೋಗಿದ್ದಾಳೆ, ಅಷ್ಟೇ.

ನಾದಿನಿ: ಅಯಸ್ಕಾಂತ ಇಟ್ಟು ನೋಡಿದೀನಿ ಯಜಮಾನ್ರೇ, ಅಂಟಲಿಲ್ಲ. ಬೆಳ್ಳೀನೇ!

ಅಕ್ಕಸಾಲಿ: ನನ್ನ ಮೂಗಿಗೂ ಅಂಟಲ್ಲ ತಾಯಿ. ಮೂಗೇನು ಬೆಳ್ಳೀದಾ? ಹಿತ್ತಾಳೆಗೂ ಅಯಸ್ಕಾಂತ ಅಂಟಲ್ಲ.

ಅತ್ತಿಗೆ: ಹಾಗೆ ಹೇಳಿ! ಬೆಳ್ಳಗಿರೋದೆಲ್ಲ ಹಾಲಲ್ಲ. ಹಿತ್ತಾಳೆ ಮೇಲೆ ಬೆಳ್ಳಿ ಮುಲಾಮು ಹಾಕಿದ್ದಾರೆ.

ನಾದಿನಿ: ಮುಲಾಮು ಹಾಕ್ತಿದ್ದಿದ್ದು ಅಮ್ಮನ ಮಂಡಿಗೆ, ಹೂಜಿಗಲ್ಲ!

ಅತ್ತಿಗೆ: ಹೂಜಿಯ ಹಿಡಿ ನೋಡು. ಬೆಳ್ಳಿ ಸವೆದು ಹಿತ್ತಾಳೆ ಇಣುಕ್ತಿದೆ.

ನಾದಿನಿ ಕನ್ನಡಕಕ್ಕಾಗಿ ಚೀಲ ತಡಕತೊಡಗಿದಳು. ಅಷ್ಟರಲ್ಲಿ ಅಕ್ಕಸಾಲಿ ಹಿಡಿಯ ಮೇಲಿನ ಹಳದಿ ಮಚ್ಚೆಯನ್ನು ಉಗುರಿನಿಂದ ಕೆರೆದ. ಮಚ್ಚೆ ಸಿಪ್ಪೆಯಂತೆ ಎದ್ದು ಬಂತು. ಅಡಿಯಲ್ಲಿ ಬೆಳ್ಳನೆಯ ಹೊಳಪು. ಮೂಸಿ ನೋಡಿದ. ಉಗುರುಬಣ್ಣ! ಹಿತ್ತಾಳೆಗೆ ಬೆಳ್ಳಿ ಬಳಿದವರನ್ನು ಬೇಕಾದಷ್ಟು ಕಂಡಿದ್ದ. ಬೆಳ್ಳಿಗೆ ಹಿತ್ತಾಳೆ ಬಳಿದ ಈ ಮಹಾತಾಯಿಗೆ ಮನಸ್ಸಿನಲ್ಲೇ ಕೈ ಮುಗಿದ.

ಅಕ್ಕಸಾಲಿ (ಮೆಲ್ಲಗೆ): ಏನೋ ಬಣ್ಣ ಇದ್ದ ಹಾಗಿದೆ...

ಅತ್ತಿಗೆ (ಬೆರಳು ಮಡಚಿ ಬಚ್ಚಿಟ್ಟು, ಪಿಸುದನಿಯಲ್ಲಿ): ನಾನೇನೂ ಹಚ್ಚಿಲ್ಲ!

ಅಕ್ಕಸಾಲಿ: ನೀವು ಅಂತ ಯಾರಂದ್ರು? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ.

ಅವನು ಹೂಜಿಯನ್ನು ಬೋರಲು ಹಾಕಿದ. ಒಳಗಿನಿಂದ ಆರು ಕರಿ ಚಮಚಗಳು ಖಣಖಣ ಉದುರಿದವು. ತಳಕ್ಕೆ ಎರಡು ಸಲ ಅರ ಉಜ್ಜಿ, ಕಣ್ಣು ಕಿರಿದು ಮಾಡಿ ನೋಡಿದ.

ಅಕ್ಕಸಾಲಿ: ಗಿಲೀಟು.

ನಾದಿನಿಯ ಮುಖ ಬಾಡಿತು. ಅತ್ತಿಗೆಗೆ ಹಿಡಿಸಲಾರದಷ್ಟು ಖುಷಿ; ಖುಷಿಯ ಜೊತೆಗೆ ಧಾರಾಳತನವೂ ಉಕ್ಕಿತು.

ಅತ್ತಿಗೆ: ಬರಿಗೈಲಿ ಹೋಗ್ಬೇಡ ಕಣೇ. ಈ ಚಮಚ ನೀನೇ ಇಟ್ಕೋ. ಎಷ್ಟು ತಿಕ್ಕಿದ್ರೂ ಮತ್ತೆ ಕರ್ರಗಾಗ್ತವೆ, ದರಿದ್ರದವು.

ಅಕ್ಕಸಾಲಿ: ತಾಯಿ, ಆ ಚಮಚ...

ಅತ್ತಿಗೆ: ನೀವು ಸುಮ್ನಿರಿ!

ನಾದಿನಿ: ಅಮ್ಮನ ನೆನಪಿಗಾದ್ರೂ ಇರಲಿ, ಕೊಡಿ ಅತ್ತಿಗೆ.

ಅವಳು ಚಮಚಗಳನ್ನು ಚೀಲಕ್ಕೆ ಹಾಕಿಕೊಂಡು, ಮೂಗು ಒರೆಸಿಕೊಳ್ಳುತ್ತ ಹೋದಳು.

ಅತ್ತಿಗೆ: ನಿಮ್ಮ ಹೊಟ್ಟೆ ತಣ್ಣಗಿರಲಿ ಯಜಮಾನ್ರೇ. ನನಗೋಸ್ಕರ ಸುಳ್ಳು ಹೇಳಿದ್ರಿ. ಈಗ ಆ ಹಳದಿ ಒರೆಸಿಕೊಡಿ.

ಅಕ್ಕಸಾಲಿ: ಸುಳ್ಳಾ? ಕಸುಬಿನಲ್ಲಿ ನಾನು ಸುಳ್ಳು ಹೇಳಲ್ಲ. ಮೇಲಿನ ಹಳದಿ ನಿಮ್ಮದು. ಅದರಡಿ ಇರೋ ಬಿಳುಪು ಬೆಳ್ಳಿ ಮುಲಾಮು. ಅದರಡಿ, ಇಗೋ ನೋಡಿ, ಅಸಲಿ ಹಿತ್ತಾಳೆ. ಸುಮ್ನೆ ಉಗುರುಬಣ್ಣ ದಂಡ ಮಾಡಿದ್ರಿ.

ಅರ ಎಳೆದ ಗೀರು ಹಳದಿಯಾಗಿ ಹೊಳೆಯುತ್ತಿತ್ತು. ಅತ್ತಿಗೆ ಅದನ್ನು ಉಗುರಿನಿಂದ ಕೆರೆದು ನೋಡಿದಳು; ಈ ಹಳದಿ ಏಳಲಿಲ್ಲ.

ಅತ್ತಿಗೆ: ಹಾಗಾದ್ರೆ ನಮ್ಮತ್ತೆ ಹತ್ರ ಬೆಳ್ಳೀನೇ ಇರ್ಲಿಲ್ವಾ?

ಅಕ್ಕಸಾಲಿ: ಇತ್ತಲ್ಲ! ಹಾಗೆ ಕರ್ರಗಾಗೋದೇ ಬೆಳ್ಳಿ ಗುಣ. ಆ ಚಮಚದ ಅಂಚು ಅಷ್ಟು ಸವೆದಿದ್ರೂ ಒಂಚೂರು ಹಳದಿ ಇರ್ಲಿಲ್ಲ. ಹೇಳೋಕೆ ಬಾಯಿ ತೆಗೆದೆ, ನೀವೇ ಮುಚ್ಚಿಸಿದ್ರಿ.

ಅತ್ತಿಗೆ (ಹೂಜಿ ಎತ್ತಿಕೊಂಡು ಬಾಗಿಲಿಗೆ ಓಡಿ): ಲೇ, ನಿಂತ್ಕೊಳ್ಳೇ! ಹೂಜಿ ನೀನೇ ತಗೊಳ್ಳೇ, ಅಮ್ಮನ ನೆನಪು! ಚಮಚ ಕೊಡೇ!

ನಾದಿನಿ ಹತ್ತಿದ ಬಸ್ಸು ಆಗಲೇ ತಿರುವು ದಾಟಿತ್ತು.

ಅಕ್ಕಸಾಲಿ: ಬಿಡಿ ತಾಯಿ. ಬೆಳ್ಳಿ ಮಗಳಿಗೆ ಹೋಯ್ತು, ಮಿಕ್ಕಿದ್ದು ಸೊಸೆಗೆ ಉಳೀತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನಿಮ್ಮನೇಲಿ ಎರಡೂ ಕಾಲ ಅತ್ತೇದೇ!